30 ಮೀಟರಿಗೆ 5.2 ಸೆಕೆಂಡ್: ಮಗನನ್ನು ಓಟದ ಕೋಚ್ ಹತ್ತಿರ ಸೇರಿಸಲಾ?

ಡೊಂಬಿವಲಿಯಿಂದ ಒಬ್ಬ ಅಮ್ಮನ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿ ಕಡೆಯವರು, ಡೊಂಬಿವಲಿಗೆ ಬಂದು ಹದಿನಾರು ವರ್ಷ ಆಯಿತು. ಮಗನಿಗೆ ಈಗ 13. ಫುಟ್‌ಬಾಲ್ ಬಿಟ್ಟರೆ ಅವನಿಗೆ ಬೇರೆ ಮಾತಿಲ್ಲ. ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ, ಆಡುತ್ತಾನೆ. ಹೋದ ತಿಂಗಳು ಒಂದು ಅಕಾಡೆಮಿಯ ಟ್ರಯಲ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಮೊದಲು 30 ಮೀಟರ್ ಓಡಿಸಿದರು. ಒಬ್ಬರು ಕೊನೆಯ ಗೆರೆ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. ಇವನಿಗೆ 5.2 ಬಂತು. 5 ಸೆಕೆಂಡಿಗಿಂತ ಜಾಸ್ತಿ ಬಂದವರನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿ, ಆಮೇಲೆ ಹತ್ತು ನಿಮಿಷ ಚೆಂಡು ಕೊಟ್ಟು ಆಡಿಸಿದರು. ಅಷ್ಟೇ. ವಾಪಸ್ ಬರುವಾಗ ಲೋಕಲ್‌ನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವನು ಮನೆ ಮುಟ್ಟುವ ತನಕ ಬಾಯಿ ಬಿಡಲಿಲ್ಲ.

ಓಟದ ಟೈಮಿಗೆ ಇಷ್ಟು ಬೆಲೆ ಇದೆಯಾ? ಬರೀ ಓಟ ಕಲಿಸುವ ಕೋಚ್ ಒಬ್ಬರಿದ್ದಾರೆ, ತಿಂಗಳಿಗೆ 4,000 ಕೇಳುತ್ತಾರೆ. ಸೇರಿಸಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ವಾಸ್ಕೊದಿಂದ, ಮಕ್ಕಳಿಗೆ ಆಟ ಕಲಿಸುವವರು

ಅಕ್ಕಾ, ಮೊದಲು ಹುಡುಗನಿಗೆ ಹೊಟ್ಟೆ ತುಂಬಾ ಊಟ ಹಾಕಿ, ಮತ್ತೆ ಮೈದಾನಕ್ಕೆ ಕಳಿಸಿ. 5.2 ನೋಡಿ ಆಟ ಬಿಡಿಸುವ ಹಾಗಿಲ್ಲ.

ನಮ್ಮಪ್ಪ ಗದಗಿನಿಂದ ಬಂದರಿನ ಕೆಲಸಕ್ಕೆ ಅಂತ ವಾಸ್ಕೊಗೆ ಬಂದರು. ನಾನು ಇಲ್ಲೇ ಆಡಿ ಬೆಳೆದವನು. ಗೋವಾದಲ್ಲಿ ಭತ್ತ ಕೊಯ್ದ ಮೇಲೆ ಗದ್ದೆಯಲ್ಲೇ ಕಂಬ ನೆಟ್ಟು ಆಡುತ್ತಾರೆ. ಕೂಳೆ ಕಾಲಿಗೆ ಚುಚ್ಚುತ್ತದೆ, ನೆಲ ಏರುಪೇರು. ಅಂಥ ಕಡೆ ನೆಟ್ಟಗೆ 30 ಮೀಟರ್ ಓಡಲು ಜಾಗವೇ ಸಿಗುವುದಿಲ್ಲ. ನಾಲ್ಕು ಹೆಜ್ಜೆ ಹಾಕಿ, ತಿರುಗಿ, ಮತ್ತೆ ನಾಲ್ಕು ಹೆಜ್ಜೆ.

ಈಗ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಇಬ್ಬರ ವಿಷಯ ಹೇಳುತ್ತೇನೆ. ಒಬ್ಬ ಗಾಳಿ ಥರ ಓಡುತ್ತಾನೆ. ಇನ್ನೊಬ್ಬನಿಗೆ ಓಟದಲ್ಲಿ ಯಾವಾಗಲೂ ಕೊನೆಯ ಸಾಲು. ಆದರೆ ಚೆಂಡು ಇನ್ನೂ ಬೇರೆಯವನ ಕಾಲಲ್ಲಿ ಇರುವಾಗಲೇ ಈ ನಿಧಾನದ ಹುಡುಗ ಒಮ್ಮೆ ಎಡ ಹೆಗಲ ಮೇಲಿಂದ, ಒಮ್ಮೆ ಬಲ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆ. ಪಾಸ್ ಬರುವ ಹೊತ್ತಿಗೆ ಮೈ ಅರ್ಧ ತಿರುಗಿರುತ್ತದೆ. ಒಂದೇ ಟಚ್, ಚೆಂಡು ಹೋಯಿತು. ಗಾಳಿಯ ಹುಡುಗ ಇವನ ಹತ್ತಿರ ಮುಟ್ಟುವಷ್ಟರಲ್ಲಿ ಕಿತ್ತುಕೊಳ್ಳಲು ಏನೂ ಉಳಿದಿರುವುದಿಲ್ಲ. ಸ್ಪೇನಿನ ಮಿಡ್‌ಫೀಲ್ಡ್ ಆಟಗಾರ ಚಾವಿ ಆಡಿದ್ದನ್ನು ನೋಡಿ. ಅವರನ್ನು ಯಾರೂ ಓಟಗಾರ ಅನ್ನಲಿಲ್ಲ, ಅವರ ಕತ್ತು ಮಾತ್ರ ಸುಮ್ನೆ ಇರುತ್ತಿರಲಿಲ್ಲ. 2010ರ ವಿಶ್ವಕಪ್ ಗೆದ್ದ ತಂಡದ ಆಟ ಅವರ ಸುತ್ತಲೇ ನಡೆಯಿತು.

ಜಗತ್ತಿನಲ್ಲೇ ಜೋರಾಗಿ ಓಡಿದ ಉಸೇನ್ ಬೋಲ್ಟ್ 2018ರಲ್ಲಿ ಆಸ್ಟ್ರೇಲಿಯಾದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಫುಟ್‌ಬಾಲ್ ಕ್ಲಬ್ ಜೊತೆ ಅಭ್ಯಾಸ ಮಾಡಿದರು. ಒಂದು ಸ್ನೇಹ ಪಂದ್ಯದಲ್ಲಿ ಎರಡು ಗೋಲೂ ಹೊಡೆದರು. ಆದರೂ ಒಪ್ಪಂದ ಕೂಡಿ ಬರಲಿಲ್ಲ. ದುಡ್ಡಿನ ಮಾತೂ ಇತ್ತು, ಆದರೆ ಮೊದಲ ಟಚ್, ಅಂದರೆ ಬಂದ ಚೆಂಡನ್ನು ಕಾಲಿಗೆ ತಗೊಳ್ಳುವ ರೀತಿ, ಸಾಲದು ಅಂತ ಆಗಲೇ ಜನ ಹೇಳುತ್ತಿದ್ದರು.

ನಿಮ್ಮ ಮಗ ಚೆಂಡು ಬರುವ ಮೊದಲು ಹಿಂದೆ ನೋಡುತ್ತಾನಾ? ಒಂದು ಪಂದ್ಯದಲ್ಲಿ ಬರೀ ಅವನ ತಲೆಯನ್ನೇ ನೋಡಿ ಹೇಳಿ.

ಅಂಧೇರಿಯಿಂದ, ಹಿಂದೆ ರೈಟ್ ಬ್ಯಾಕ್ ಆಡಿದವರು

ಮೇಲಿನ ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಸ್ಪೀಡ್ ಬೇಡ ಅಂತ ಮಕ್ಕಳಿಗೆ ಹೇಳಬೇಡಿ. ಹಾಗೆ ಹೇಳಿಸಿಕೊಂಡು ಬೆಳೆದವನು ನಾನು.

ಮುಂಬೈ ಲೀಗಿನ ಕೆಳಗಿನ ಡಿವಿಷನ್‌ನಲ್ಲಿ ರೈಟ್ ಬ್ಯಾಕ್, ಅಂದರೆ ಬಲ ಅಂಚು ಕಾಯುವವನಾಗಿ, ಆಡುತ್ತಿದ್ದೆ, ಆಗ 19 ವರ್ಷ. ಒಂದು ಪಂದ್ಯದಲ್ಲಿ ಎದುರಿನ ವಿಂಗರ್, ಅಂದರೆ ಅಂಚಿನಲ್ಲಿ ಮುನ್ನುಗ್ಗುವವನು, ಚೆಂಡನ್ನು ನನ್ನ ಪಕ್ಕದಿಂದ ಮುಂದಕ್ಕೆ ತಳ್ಳಿ ಹಿಂದೆಯೇ ಓಡಿದ. ಅವನು ಏನು ಮಾಡುತ್ತಾನೆ ಅಂತ ನನಗೆ ಮೊದಲೇ ಗೊತ್ತಿತ್ತು. ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದ್ದೆ. ತಿರುಗುವಷ್ಟರಲ್ಲಿ ಅವನ ಬೆನ್ನಿನ ನಂಬರ್ ಕಾಣಿಸಿತು. ಅದೇ ರೀತಿ ಮೂರು ಸಲ. ಅರ್ಧ ಆಟಕ್ಕೇ ನನ್ನನ್ನು ಹೊರಗೆ ಕರೆದರು. ತಪ್ಪು ಯಾರದ್ದೂ ಅಲ್ಲ, ನನ್ನ ಕಾಲಿಗೆ ಅಷ್ಟು ಓಟ ಇರಲಿಲ್ಲ.

ಜರ್ಮನಿಯ ಲೀಗಿನ 360 ಗೋಲುಗಳ ವಿಡಿಯೊ ನೋಡಿ ಮಾಡಿದ ಅಧ್ಯಯನ ಒಂದು 2012ರಲ್ಲಿ ಬಂತು. ಅದರಲ್ಲಿ 161 ಗೋಲುಗಳಿಗೆ ಮುಂಚೆ, ಗೋಲು ಹೊಡೆದವನು ನೇರವಾಗಿ ಜೋರಾಗಿ ಓಡಿದ್ದ. ಅಂದರೆ ನೂರಕ್ಕೆ 45. ಜಿಗಿತ, ದಿಕ್ಕು ಬದಲಿಸುವ ಓಟ ಎಲ್ಲ ಆಮೇಲೆ. ಹಾಗಾಗಿ ವಿಂಗರ್, ಬ್ಯಾಕ್, ಮುಂದಿನ ಸಾಲಿನವನು ಅಂದರೆ ಟೈಮ್ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಮಿಡ್‌ಫೀಲ್ಡ್ ಹುಡುಗನಿಗೂ ಅದೇ ಗೆರೆ ಹಾಕಿದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ನಾನು ಆಮೇಲೆ ನಡುವಿನ ಡಿಫೆನ್ಸ್‌ಗೆ ಬಂದೆ. ಇನ್ನೂ ಆರು ವರ್ಷ ಆಡಿದೆ.

ಪುಣೆಯಿಂದ, ಕ್ರೀಡಾ ಫಿಸಿಯೊ

ಮೇಡಂ, ಆ 5.2 ಹೇಗೆ ಬಂತು ಅನ್ನುವುದನ್ನು ಮೊದಲು ನೋಡೋಣ. ಕೈಯಲ್ಲಿ ಅಳೆದ ಟೈಮನ್ನು ಇಷ್ಟು ನಂಬಬಾರದು. ಅಥ್ಲೆಟಿಕ್ಸ್‌ನಲ್ಲಿ ಕೈಯಲ್ಲಿ ಅಳೆದ 100 ಮೀಟರ್ ಟೈಮನ್ನು ಯಂತ್ರದ ಟೈಮಿಗೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವ ರೂಢಿ ಇದೆ. ಬೆರಳು ಒತ್ತುವುದರಲ್ಲೇ ಅಷ್ಟು ಹೋಗುತ್ತದೆ. ನಿಮ್ಮ ಮಗ ಆ 5 ಸೆಕೆಂಡಿನ ಮಿತಿ ಮೀರಿದ್ದು 0.2ರಿಂದ. ಒಬ್ಬರೇ ವಾಚ್ ಹಿಡಿದು ಒಂದೇ ಸಲ ಅಳೆದರೆ 5.0 ಮತ್ತು 5.2ರ ನಡುವೆ ನಿಜವಾದ ಅಂತರ ಇದೆಯಾ ಅಂತ ಹೇಳುವುದೇ ಕಷ್ಟ. ಗಟ್ಟಿ ನೆಲದಲ್ಲಿ ಸ್ಟಡ್ಸ್ ಹಾಕಿದ್ದನಾ, ಮೊದಲು ಮೈ ಬಿಸಿ ಮಾಡಿಸಿದ್ದರಾ, ಎಷ್ಟು ಸಲ ಓಡಿಸಿದರು, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ನಾನು ಕನಿಷ್ಠ ಮೂರು ಸಲ ಓಡಿಸುತ್ತೇನೆ, ನಡುವೆ ಪೂರ್ತಿ ದಮ್ಮು ತಗೊಳ್ಳಲು ಬಿಡುತ್ತೇನೆ.

ಎರಡನೆಯದು, 30 ಮೀಟರಿನೊಳಗೆ ಎರಡು ಬೇರೆ ವಿಷಯ ಇವೆ. ಹೊರಡುವುದು ಒಂದು, ಓಡುತ್ತಾ ಇರುವುದು ಇನ್ನೊಂದು. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಓಡಿದಾಗ ಮೊದಲ 10 ಮೀಟರಿಗೆ 1.89 ಸೆಕೆಂಡ್ ಹಿಡಿಯಿತು. ಅದೇ ಓಟದಲ್ಲಿ 60ರಿಂದ 80 ಮೀಟರಿನ ತನಕ, ಅಂದರೆ 20 ಮೀಟರಿಗೆ, 1.61. ಫುಟ್‌ಬಾಲ್‌ನಲ್ಲಿ ಜೋರು ಓಟಗಳು ಹೆಚ್ಚಾಗಿ 20 ಮೀಟರ್ ಒಳಗೇ ಮುಗಿಯುತ್ತವೆ. ಹಾಗಾಗಿ ಮೊದಲ 10 ಮೀಟರಿನ ಟೈಮ್ ಬೇರೆಯಾಗಿ ಬರೆದುಕೊಳ್ಳಿ.

ಮೂರನೆಯದೇ ನನಗೆ ಮುಖ್ಯ. ಹುಡುಗರು 13-14ರ ಆಸುಪಾಸಿನಲ್ಲಿ ದಿಢೀರ್ ಉದ್ದ ಆಗುತ್ತಾರೆ. ಕೆಲವರಿಗೆ ಅದು 12ಕ್ಕೇ ಆಗಿರುತ್ತದೆ, ಕೆಲವರಿಗೆ 15 ಆದರೂ ಬಂದಿರುವುದಿಲ್ಲ. ಮೀಸೆ ಚಿಗುರಿದ ಹುಡುಗನ ಪಕ್ಕ ಇನ್ನೂ ಮಗುವಿನ ದನಿ ಇರುವವನನ್ನು ನಿಲ್ಲಿಸಿ ಓಡಿಸಿದರೆ ಯಾರು ಗೆಲ್ಲುತ್ತಾರೆ ಅಂತ ಕೇಳಬೇಕಾ? ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳಲ್ಲಿ ವಯಸ್ಸಿನ ಬದಲು ಮೈ ಎಷ್ಟು ಬೆಳೆದಿದೆ ಅಂತ ನೋಡಿ ಗುಂಪು ಮಾಡಿ ಆಡಿಸಿದ್ದೂ ಇದೆ. ನೀವು ಮನೆಯ ಗೋಡೆ ಮೇಲೆ ಮೂರು ತಿಂಗಳಿಗೊಮ್ಮೆ ಪೆನ್ಸಿಲ್ ಗುರುತು ಹಾಕಿ. ಟೈಮಿನ ಪಕ್ಕ ಎತ್ತರವನ್ನೂ ಬರೆಯಿರಿ. ಅವನನ್ನು ಅವನ ಜೊತೆಗೇ ಹೋಲಿಸಿ.

ಇನ್ನೊಂದು ಮಾತು. ಆಟ ಆದ ಮೇಲೆ ಹಿಮ್ಮಡಿ ನೋವು ಅನ್ನುತ್ತಾನಾ? ಈ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಓಡುವ ಮಕ್ಕಳಿಗೆ ಅಲ್ಲಿ ನೋವು ಬರುವುದು ಸಾಮಾನ್ಯ. ಬೆಳಿಗ್ಗೆ ಎದ್ದಾಗ ಅವನ ನಡಿಗೆ ಗಮನಿಸಿ.

ಕೋಥ್ರೂಡ್‌ನಿಂದ

ಅಮೆರಿಕದ ಫುಟ್‌ಬಾಲ್ ನೋಡುವವನು ನಾನು. ಆಟವೇ ಬೇರೆ, ಆದರೂ ಹೇಳುತ್ತೇನೆ. ಅಲ್ಲಿ ಆಯ್ಕೆಗೆ ಮುಂಚೆ 40 ಗಜ ಓಡಿಸುತ್ತಾರೆ, ಸುಮಾರು 36.6 ಮೀಟರ್. 2000ದಲ್ಲಿ ಟಾಮ್ ಬ್ರೇಡಿಗೆ 5.28 ಬಂತು, 199ನೆಯವರಾಗಿ ಆಯ್ಕೆಯಾದರು, ಏಳು ಸೂಪರ್ ಬೌಲ್, ಅಂದರೆ ಅಲ್ಲಿನ ಲೀಗಿನ ಫೈನಲ್, ಗೆದ್ದರು. 2017ರಲ್ಲಿ 4.22 ಓಡಿ ದಾಖಲೆ ಮಾಡಿದ ಜಾನ್ ರಾಸ್ ಒಂಬತ್ತನೆಯವರಾಗಿ ಆಯ್ಕೆಯಾದರು, ಆದರೆ ಆ ಎತ್ತರಕ್ಕೆ ಆಟ ಬರಲಿಲ್ಲ. ಬ್ರೇಡಿ ಚೆಂಡು ಎಸೆಯುವ ಜಾಗದವರು, ಅವರಿಗೆ ಓಟ ಅಷ್ಟು ಬೇಕಿರಲಿಲ್ಲ ಅನ್ನುವುದೂ ನಿಜ.

ಠಾಣೆಯಿಂದ

ಕೋಚ್ ವಿಷಯಕ್ಕೆ ಮಾತ್ರ ನನ್ನ ಉತ್ತರ. ಮಗಳನ್ನು ಸೇರಿಸಿದ್ದೆವು. ಹೊರಡುವಾಗ ಮೈ ಬಾಗಿಸುವುದು, ಕೈ ಬೀಸುವುದು ಚೆನ್ನಾಗಿ ಕಲಿತಳು, ಟೈಮ್ ಇಳಿಯಿತು. ಆದರೆ ಫುಟ್‌ಬಾಲ್ ಅಭ್ಯಾಸದ ಮೇಲೆ ಇದನ್ನೂ ಹೇರಿದ್ದು ನಮ್ಮ ತಪ್ಪು. ತೊಡೆ ಹಿಂದಿನ ಸ್ನಾಯು ಎಳೆದುಕೊಂಡು ಐದು ವಾರ ಮನೆಯಲ್ಲಿ ಕೂತಳು. ಈಗ ವಾರಕ್ಕೆ ಎರಡೇ ದಿನ, 10-20 ಮೀಟರಿನ ಆರೇಳು ಓಟ, ಅದೂ ದಣಿಯುವ ಮುಂಚೆ. ಇಷ್ಟನ್ನು ನೀವೇ ಮಾಡಿಸಬಹುದು ಅಕ್ಕಾ, ದುಡ್ಡು ಬೇಡ.

ಡೊಂಬಿವಲಿಯಿಂದ, ಎರಡು ವಾರ ಆದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಇವರು ಟೇಪ್ ಹಿಡಿದು ಅಳೆದು, ಮೂರು ಸಲ ಓಡಿಸಿದರು. 5.1, 4.9, 5.2. ಮೂರೂ ಅವನದೇ ಕಾಲು, ಅದೇ ನೆಲ. ಸಂಜೆ ಪಂದ್ಯದಲ್ಲಿ ನಾನು ತಲೆ ಮಾತ್ರ ನೋಡಿದೆ. ವಾಸ್ಕೊ ಅಣ್ಣ, ನೋಡುತ್ತಾನೆ, ಆದರೆ ಯಾವಾಗಲೂ ಬಲಗಡೆಗೇ. ಎಡಕ್ಕೆ ತಿರುಗುವುದೇ ಇಲ್ಲ. ಹೇಳಿದ್ದಕ್ಕೆ ಅವನಿಗೇ ಆಶ್ಚರ್ಯ.

ಫಿಸಿಯೊ ಸರ್, ಹಿಮ್ಮಡಿ ನೋವು ಇದೆಯಂತೆ. ಎರಡು ತಿಂಗಳಿಂದ. ಹೇಳಿದರೆ ಆಟ ನಿಲ್ಲಿಸುತ್ತೀರಿ ಅಂತ ಹೇಳಲಿಲ್ಲ ಅಂದ. ಟ್ರಯಲ್ಸ್ ದಿನವೂ ನೋಯುತ್ತಿತ್ತಂತೆ. ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಅವರು ಏನು ಹೇಳಿದರು ಅಂತ ಬಂದು ಬರೆಯುತ್ತೇನೆ.