ಎರಕ ಹೊಯ್ಯುವ ಮುಂಚೆನೇ ಗಂಟೆಯ ಶ್ರುತಿ ಗೊತ್ತು ಮಾಡಬಹುದಾ? ಅನುಭವ ಇದ್ದವರು ಹೇಳಿ

ಗುಡಿಬೀದಿ: ನಮ್ಮೂರ ಗುಡಿಯ ಗಂಟೆಯ ಬಾಯಿ 12 ಇಂಚು, ತೂಕ 11 ಕೆಜಿ. ಅದರ ನಾದ ಪಂಚಮ ಅಂತಿಟ್ಟುಕೊಂಡರೆ, ಕೆಳಗಿನ ಷಡ್ಜಕ್ಕೆ ಇನ್ನೊಂದು ಮಾಡಿಸುವ ಆಸೆ. ಎಲ್ಲ ಅಳತೆಯನ್ನೂ ಒಂದೂವರೆ ಪಟ್ಟು ಮಾಡಿದರೆ ಸಾಕಾ? ಬಾಯಿ 18 ಇಂಚು, ತೂಕ ಸುಮಾರು 37 ಕೆಜಿ ಆಗುತ್ತದೆ.

ಲೆಕ್ಕದ ಗಂಟೆ: ನಾನು ಇಂಜಿನಿಯರ್. 40 ಕೆಜಿ ಗಂಟೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಎರಡು ತಿಂಗಳು ರಾತ್ರಿ ಕೂತು ಲೆಕ್ಕ ಹಾಕಿದೆ. ಬರಬೇಕಿದ್ದದ್ದು 612 ಹರ್ಟ್ಸ್, ಬಂದದ್ದು 573. ಒಂದು ಸ್ವರಸ್ಥಾನಕ್ಕಿಂತ ಜಾಸ್ತಿ ಕೆಳಗೆ! ಎರಕ ಆರುವಾಗ ಕುಗ್ಗುತ್ತೆ ಅಂತ ಒಂದೂವರೆ ಪರ್ಸೆಂಟ್ ಸೇರಿಸಿದ್ದೆ, ಆಕಾರ ಕರಾರುವಾಕ್ಕಾಗಿತ್ತು. ಕೈಕೊಟ್ಟಿದ್ದು ಲೋಹದ ಬಿಗುವು. ಪುಸ್ತಕದ 105 ಗಿಗಾಪಾಸ್ಕಲ್ (ಬಿಗುವಿನ ಅಳತೆ) ಹಾಕಿದ್ದೆ, ನಿಜವಾಗಿ ಇದ್ದದ್ದು 92ರ ಹತ್ತಿರ. ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ.

ಖರ್ಚು ಕೇಳಿ. ತಾಮ್ರ 31 ಕೆಜಿಗೆ 26 ಸಾವಿರ. ತವರ ಬರೀ 9 ಕೆಜಿ, ಅದಕ್ಕೂ 26 ಸಾವಿರ! ಮರದ ಮಾದರಿಗೆ 9,500, ಲೇತಿಗೆ 4,000, ಟೆಂಪೋಗೆ 1,800. ಬಾಯಿಯ ಅಂಚು ಕತ್ತರಿಸಿದರೆ ಶ್ರುತಿ ಏರುತ್ತೆ ಅಂದರು. 4 ಮಿ.ಮೀ. ತೆಗೆಸಿದೆ, ಏರಿದ್ದು 8 ಹರ್ಟ್ಸ್. ಈಗ ಅದು ನಮ್ಮ ಮಹಡಿ ಮೆಟ್ಟಿಲ ಕೆಳಗಿದೆ. ಮೊದಲೇ ಅದೇ ಕುಲುಮೆಯ ಲೋಹದಲ್ಲಿ ಒಂದು ಕಂಬಿ ಎರೆಸಿ, ಬಡಿದು ಅದರ ನಾದದಿಂದ ಬಿಗುವು ಅಳೆದಿದ್ದರೆ ಬಚಾವಾಗುತ್ತಿದ್ದೆ.

ಎರಕದಮನೆ: ಅಪ್ಪ ನಲವತ್ತು ವರ್ಷ ಗಂಟೆ ಎರೆದರು. ಕಂಪ್ಯೂಟರ್ ನೋಡಿದವರಲ್ಲ. ಗಂಟೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ದಪ್ಪವೇ ಎರೆಯಬೇಕು ಮಾರಾಯ್ರೆ. ಆಗ ಶ್ರುತಿ ಮೇಲಿರ್ತದೆ. ಆಮೇಲೆ ಒಳಗಿನಿಂದ ಹೆರೆಯುತ್ತಾ ಬಂದರೆ ಇಳೀತದೆ. ಇಳಿಸುವುದು ಸುಲಭ, ಏರಿಸುವುದು ಇಲ್ಲ. ಇಷ್ಟು ಗೊತ್ತಿಲ್ಲದೆ ಎರಡು ತಿಂಗಳು ನಿದ್ದೆಗೆಟ್ಟದ್ದು ಯಾಕೆ? ಆದರೆ ನಾನೂ ಒಮ್ಮೆ ಕೆಟ್ಟೆ. ಲೇತಿನಲ್ಲಿದ್ದಾಗ ಫೋನ್ ಬಂತು. ಮಾತಾಡಿ ತಿರುಗುವಷ್ಟರಲ್ಲಿ ಒಂದು ಸುತ್ತು ಜಾಸ್ತಿ ಹೆರೆದಿತ್ತು. 22 ಕೆಜಿ ಗಂಟೆ ಮತ್ತೆ ಮೂಸೆಗೆ. ಆ ಫೋನ್ ಮಾಡಿದ್ದು ಸಾಲ ಬೇಕಾ ಅಂತ ಕೇಳಲು!

ಲೆಕ್ಕದ ಗಂಟೆ: ದಪ್ಪ ಎರೆಯಿರಿ ಅಂದರೆ ಎಷ್ಟು ದಪ್ಪ? ಅದನ್ನೂ ಲೆಕ್ಕವೇ ಹೇಳಬೇಕು ಸ್ವಾಮಿ. ತವರಕ್ಕೆ ನಿಮ್ಮಪ್ಪ ದುಡ್ಡು ಕೊಟ್ಟಿರಲಿಲ್ಲ, ಗಿರಾಕಿ ಕೊಟ್ಟಿದ್ದು.

ಎರಕದಮನೆ: ಅಪ್ಪನ ಸುದ್ದಿ ಬೇಡ.

ಲೆಕ್ಕಪತ್ರ ಮೇಡಂ: ಇಬ್ಬರೂ ಸ್ವಲ್ಪ ಸುಮ್ನಿರಿ. ನಮ್ಮ ಕಮಿಟಿಗೆ ಆದದ್ದು ಕೇಳಿ. 78 ಪಾಲು ತಾಮ್ರ, 22 ಪಾಲು ತವರ ಅಂತ ಬರೆಸಿಕೊಂಡೇ 61,400 ಕೊಟ್ಟೆವು. ಬಂದ ಗಂಟೆ ಬಡಿದರೆ ಎಣ್ಣೆ ಡಬ್ಬ ತಟ್ಟಿದ ಹಾಗೆ. ನಾದ ನಾಲ್ಕು ಎಣಿಸುವಷ್ಟರಲ್ಲಿ ಮುಗೀತು. ಗುಜರಿ ಹಿತ್ತಾಳೆ, ಸೀಸ ಎಲ್ಲ ಬೆರೆಸಿದ್ದರು. ಸೀಸ ಸೇರಿದರೆ ನಾದ ಸತ್ತ ಹಾಗೆ. ಜಗಳ ಆಡಿ 15,000 ವಾಪಸ್ ತಂದೆ. ಶ್ರುತಿ ಆಮೇಲೆ, ಮೊದಲು ಲೋಹ ಪರೀಕ್ಷೆ ಮಾಡಿಸಿ.

ಎರಕದಮನೆ: ತವರ ತವರ ಅಂತ ಜಾಸ್ತಿ ಸುರಿದರೆ ಗಾಜಿನ ಹಾಗೆ ಒಡೀತದೆ ಮೇಡಂ.

ಲೆಕ್ಕಪತ್ರ ಮೇಡಂ: ಜಾಸ್ತಿ ಅಂದವರು ಯಾರು? ಒಪ್ಪಿದಷ್ಟು ಹಾಕಿ ಅಂದೆ.

ತಂಬೂರಿ: ಲಂಡನ್ನಿನ ಬಿಗ್ ಬೆನ್ ಕೂಡ 1859ರಲ್ಲಿ ಬಿರುಕು ಬಿಟ್ಟಿತು. 13.7 ಟನ್! ಎಂಟನೇ ಒಂದು ಸುತ್ತು ತಿರುಗಿಸಿ, ಸುತ್ತಿಗೆಯ ತೂಕ ಇಳಿಸಿ, ಇವತ್ತಿಗೂ ಅದನ್ನೇ ಬಡೀತಾರೆ.

ನನ್ನ ಪ್ರಶ್ನೆ ಬೇರೆ. ಯಾವ ನಾದಕ್ಕೆ ಶ್ರುತಿ ಅಂತೀರಿ? ಗಂಟೆಯಲ್ಲಿ ಒಂದು ನಾದ ಇರುವುದಿಲ್ಲ. ಕೆಳಗೆ ಒಂದು ಗುಂಯ್‌ಗುಡುತ್ತೆ, ಮೇಲೆ ನಾಲ್ಕೈದು. ಬಡಿದ ತಕ್ಷಣ ಕಿವಿಗೆ ಬೀಳುವ ಸ್ವರವನ್ನು ಬಹಳ ಸಲ ಕಿವಿಯೇ ಮೇಲಿನ ನಾದಗಳಿಂದ ಕಟ್ಟಿಕೊಳ್ಳುತ್ತದೆ. ಮೊಬೈಲ್ ಆ್ಯಪ್ ನಂಬಿ ನಾನು ಮೋಸ ಹೋದೆ. ಯುರೋಪಿನ ಗಂಟೆಯಲ್ಲಿ ಸಾಧಾರಣ ಗಾಂಧಾರ (ಕೆಳಗಿನ ‘ಗ’) ಕೇಳುತ್ತದೆ, ಅದಕ್ಕೇ ಒಂಥರಾ ಅಳುಮೋರೆ. 1980ರ ದಶಕದಲ್ಲಿ ನೆದರ್ಲೆಂಡ್ಸಿನಲ್ಲಿ ಕಂಪ್ಯೂಟರ್ ಲೆಕ್ಕದಿಂದಲೇ ಆಕಾರ ಬದಲಿಸಿ ಅಂತರ ಗಾಂಧಾರದ (ಮೇಲಿನ ‘ಗ’) ಗಂಟೆ ಎರೆದರು.

ಲೆಕ್ಕದ ಗಂಟೆ: ಕೇಳಿದಿರಾ ಎರಕದಮನೆಯವರೇ? ಕಂಪ್ಯೂಟರ್!

ಎರಕದಮನೆ: ಅದೇ ನೆದರ್ಲೆಂಡ್ಸಿನಲ್ಲಿ 1644ರಲ್ಲಿ ಹೆಮೊನಿ ಅಣ್ಣತಮ್ಮಂದಿರು ಝುಟ್ಫೆನ್ ಊರಿಗೆ ಶ್ರುತಿ ಮಾಡಿದ ಗಂಟೆ ಸಾಲು ಕೊಟ್ಟರು. ಆಗ ಯಾವ ಕಂಪ್ಯೂಟರ್ ಇತ್ತು? ನಮ್ಮಲ್ಲಿ ಯಕ್ಷಗಾನದ ಭಾಗವತರು ಜಾಗಟೆಯನ್ನು ಕಿವಿಯಲ್ಲೇ ಆರಿಸುವುದಿಲ್ವಾ?

ತಂಬೂರಿ: ಈಗಿನ ಎಷ್ಟು ಭಾಗವತರು ಆರಿಸುತ್ತಾರೆ? ಜಾಗಟೆ ಒಂದು ಕಡೆ, ಹಾಡು ಇನ್ನೊಂದು ಕಡೆ.

ಎರಕದಮನೆ: ನೀವು ಯಾವ ಆಟ ನೋಡಿದ್ದು? ಟೀವಿಯಲ್ಲಾ?

ಲೆಕ್ಕಪತ್ರ ಮೇಡಂ: ನಮ್ಮ ಗುಡಿಗೆ ಕೊನೆಗೆ ಕರೆಂಟಿನ ನಗಾರಿ ಯಂತ್ರ ತಂದರು. 27,000. ಸ್ವಿಚ್ ಹಾಕಿದರೆ ಗಂಟೆ, ನಗಾರಿ ಒಟ್ಟಿಗೆ. ಬೀದಿನಾಯಿ ಕೂಡ ನಿಲ್ಲುವುದಿಲ್ಲ.

ತಂಬೂರಿ: ಅದನ್ನು ಗುಡಿಯೊಳಗೆ ಬಿಟ್ಟವರಿಗೆ ಶ್ರುತಿಯ ಮಾತು ಯಾಕೆ?

ಲೆಕ್ಕಪತ್ರ ಮೇಡಂ: ದಿನಾ ಎರಡು ಹೊತ್ತು ನೀವು ಬಂದು ಬಡೀತೀರಾ?

ಗುಡಿಬೀದಿ: ನನ್ನ 18 ಇಂಚು ಸರಿನಾ?

ಎರಕದಮನೆ: ಸರಿ. ಆದರೆ ದಪ್ಪವೂ ಒಂದೂವರೆ ಪಟ್ಟು ಆಗಬೇಕು, ಬಾಯಿ ಮಾತ್ರ ಹಿಗ್ಗಿಸಿದರೆ ಷಡ್ಜಕ್ಕಿಂತ ಎಷ್ಟೋ ಕೆಳಗೆ ಹೋಗ್ತದೆ. ಹಳೇ ಗಂಟೆಯ ದಪ್ಪ ಅಂಚಿನಲ್ಲಿ, ನಡುವಿನಲ್ಲಿ, ಹೆಗಲಿನಲ್ಲಿ ಅಳೆದು ಹಾಕಿ. ಮತ್ತೆ, ತಂಬೂರಿಯವರೇ, ಯಾವ ಆಟ ಅಂತ ಹೇಳಲಿಲ್ಲ.