ಸ್ವಿಂಗ್‌ನಲ್ಲಿ ಬಗ್ಗೋಕೆ ಅವಸರ ಬೇಡ

ಅಕ್ಕಾ, ನೀನು ಗ್ರೂಪಲ್ಲಿ ಹಾಕಿರೋ ಕೆಟಲ್‌ಬೆಲ್ (ಹಿಡಿ ಇರೋ ಕಬ್ಬಿಣದ ಗುಂಡು) ಸ್ವಿಂಗ್ ವಿಡಿಯೋ ನೋಡ್ದೆ, ಅದೇ, ಬೆಲ್‌ನ ಕಾಲ ಸಂದಿಯಿಂದ ಎದೆ ಮಟ್ಟಕ್ಕೆ ತೂಗೋದು. ಹತ್ತು ಸ್ವಿಂಗ್ ಆಗೋಷ್ಟರಲ್ಲಿ ಸೊಂಟ ಹಿಡ್ಕೊಳ್ಳುತ್ತೆ, 12 ಕೆಜಿ ಬೆಲ್ ಭಾರ ಜಾಸ್ತಿ ಆಯ್ತಾ ಅಂತ ಕೇಳಿದ್ದೀಯಲ್ಲ, ತೂಕದ ತೊಂದರೆ ಥರ ಕಾಣ್ತಿಲ್ಲ. ನೀನು ಬೇಗ ಬಗ್ತಿದ್ದೀಯ, ಅಷ್ಟೇ.

ವಿಡಿಯೋನ ಸ್ಲೋ ಮೋಷನ್‌ಗೆ ಹಾಕಿ ನೋಡು. ಬೆಲ್ ಇನ್ನೂ ಎದೆ ಮಟ್ಟದಲ್ಲೇ ಇದೆ, ಆಗಲೇ ನಿನ್ನ ಹಿಪ್ಸ್ ಹಿಂದಕ್ಕೆ ಹೊರಟಿದೆ. ಹೀಗಾದ್ರೆ ಬೆಲ್ ಮಂಡಿಗಿಂತ ಕೆಳಗಿಳಿದು ಮೈಯಿಂದ ದೂರ ತೂಗುತ್ತೆ, ಆ ಎಳೆತ ಪೂರ್ತಿ ಸೊಂಟದ ಮೇಲೆ ಬೀಳುತ್ತೆ. ಬೆಲ್ ಇಳಿಯೋವಾಗ ನೆಟ್ಟಗೆ ನಿಂತೇ ಇರು. ಮೇಲ್ತೋಳು ಪಕ್ಕೆಗೆ ತಾಗಿದ ಮೇಲೆ, ಮುಂಗೈ ಇನ್ನೇನು ತೊಡೆಗೆ ಬಡಿಯುತ್ತೆ ಅನ್ನೋ ಹೊತ್ತಿಗೆ, ಹಿಪ್ಸ್ ಹಿಂದಕ್ಕೆ ತಳ್ಳು. ಮೊದಮೊದಲು ಬಡಿಸಿಕೊಂಡೇಬಿಡ್ತೀನೇನೋ ಅಂತ ಭಯ ಆಗುತ್ತೆ, ಆದ್ರೂ ಕಾಯಿ. ಹ್ಯಾಂಡಲ್ ಮಂಡಿಗಿಂತ ಮೇಲೆ, ತೊಡೆಸಂದಿಯ ಹತ್ತಿರ ಹಾದುಹೋಗ್ಬೇಕು. ಮಂಡಿ ಸ್ವಲ್ಪ ಮಾತ್ರ ಮಡಿಸು, ಸ್ಕ್ವಾಟ್ ಥರ ಕೂತುಬಿಡಬೇಡ. ಬೆನ್ನು ಚಪ್ಪಟೆ, ಹಿಮ್ಮಡಿ ನೆಲದಲ್ಲೇ.

ಮೇಲಕ್ಕೆ ಹೋಗೋವಾಗ ಕೈ ಎತ್ತಬೇಡ. ಹಿಪ್ಸ್ ಮುಂದಕ್ಕೆ ಜೋರಾಗಿ ಬಂದ್ರೆ ಬೆಲ್ ತಾನೇ ಎದೆ ಮಟ್ಟಕ್ಕೆ ತೇಲುತ್ತೆ. ಕೈ ಬರೀ ಹಗ್ಗ. ಅನುಮಾನ ಇದ್ರೆ ಹ್ಯಾಂಡಲ್‌ಗೆ ಸಣ್ಣ ಟವೆಲ್ ತೂರಿಸಿ, ಎರಡೂ ತುದಿ ಗಟ್ಟಿಯಾಗಿ ಹಿಡಿದು ನಾಲ್ಕೈದು ಸ್ವಿಂಗ್ ಮಾಡು, ಎದುರಿಗೆ ಯಾರೂ ಇರಬಾರದು. ಸ್ವಿಂಗ್ ಪೂರ್ತಿ ಮೇಲೆ ಹೋದಾಗ ಬೆಲ್ ಟವೆಲ್‌ನ ನೇರಕ್ಕೇ ನಿಂತ್ರೆ ಸರಿ, ಜೋತುಬಿದ್ರೆ ಭುಜದಿಂದ ಎತ್ತುತಿದ್ದೀಯ ಅಂತ ಅರ್ಥ. ಅದಕ್ಕೇ 4 ಕೆಜಿ ಬೆಲ್‌ಗೆ ಇಳೀಬೇಡ ಅನ್ನೋದು. ತೀರಾ ಹಗುರ ಆದ್ರೆ ಕೈಯಲ್ಲೇ ಎತ್ತಿಬಿಡ್ತೀವಿ, ತಪ್ಪು ಗೊತ್ತೇ ಆಗಲ್ಲ. ಮೇಲೆ ಹೋದಾಗ ಗ್ಲೂಟ್ಸ್ (ಕುಂಡೆಯ ಸ್ನಾಯು) ಬಿಗಿ, ಮಂಡಿ ನೇರ, ಹಿಂದಕ್ಕೆ ವಾಲೋದು ಬೇಡ. ಅಲ್ಲೇ 'ಟ್ಸ್' ಅಂತ ಉಸಿರು ಬಿಡು, ಬೆಲ್ ಹಿಂದೆ ಹೋಗೋವಾಗ ಮೂಗಿಂದ ಎಳ್ಕೋ.

ಸೊಂಟದ ನೋವು ಪೂರ್ತಿ ಹೋದ ಮೇಲೆ, ಒಂದು ವಾರ ಒಂದೊಂದೇ ಸ್ವಿಂಗ್ ಮಾಡು. ಬೆಲ್ ಒಂದು ಅಡಿ ಮುಂದೆ ಇಟ್ಟು, ಹಿಂದಕ್ಕೆ ಎಳೆದು, ಒಂದು ಸ್ವಿಂಗ್, ಮತ್ತೆ ಅದೇ ಜಾಗಕ್ಕೆ ಇಡು. ಹೀಗೆ 5, ಒಂದು ನಿಮಿಷ ರೆಸ್ಟ್, ಒಟ್ಟು 6 ಸೆಟ್. ಕೆಳಗೆ ಇಡೋವಾಗಲೂ ಬೆನ್ನು ಚಪ್ಪಟೆಯಾಗೇ ಇರಲಿ, ಎಷ್ಟೋ ಜನ ಉಳುಕಿಸಿಕೊಳ್ಳೋದು ಆಗಲೇ. ನೋವು ಕಾಲಿಗೆ ಇಳಿದ್ರೆ ಇದೆಲ್ಲ ಬಿಟ್ಟು ಡಾಕ್ಟರ್ ಹತ್ರ ಹೋಗು. ಮುಂದಿನ ವಿಡಿಯೋ ಪಕ್ಕದಿಂದ ತೆಗೆಸು, ಮುಂದಿನಿಂದ ತೆಗೆದ್ರೆ ಬಗ್ಗೋ ಟೈಮಿಂಗ್ ಸರಿಯಾಗಿ ಕಾಣಲ್ಲ.