ಚಾಕೊಲೇಟ್-ಕೊಬ್ಬರಿ ಸ್ಲೈಸ್ ಪುಡಿಯಾಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಮನೆಗಳಲ್ಲಿ ಚಹಾದ ಜೊತೆಗೆ ಮಾಡುವ, ಅಗಲ ಟ್ರೇನಲ್ಲಿ ಬೇಯಿಸಿ ಮೇಲೆ ಕೊಕೊ ಐಸಿಂಗ್ ಹಚ್ಚಿ ಚೌಕವಾಗಿ ಕತ್ತರಿಸುವ ಹಳೆಯ ಕಾಲದ ಸ್ಲೈಸನ್ನು ವಿಜಯಪುರದ ನಮ್ಮ ಮನೆಯಲ್ಲಿ ಎರಡು ಸಲ ಮಾಡಿದೆ. ಎರಡೂ ಸಲ ಚಾಕು ಇಟ್ಟೊಡನೆ ಪುಡಿಯಾಯಿತು. ಮಕ್ಕಳು ಚಮಚದಿಂದ ತಿಂದರು, ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಮೈದಾ 1 ಕಪ್, ಕೊಬ್ಬರಿ 1 ಕಪ್, ಸಕ್ಕರೆ ಅರ್ಧ ಕಪ್, ಕೊಕೊ 2 ದೊಡ್ಡ ಚಮಚ, ಬೇಕಿಂಗ್ ಪೌಡರ್ 1 ಚಿಕ್ಕ ಚಮಚ, ಕರಗಿಸಿದ ಬೆಣ್ಣೆ 125 ಗ್ರಾಂ. 180 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿದ್ದೆ. ಅಂಗಡಿಯ ನುಣ್ಣನೆಯ ಕೊಬ್ಬರಿ ಪುಡಿಯ ಬದಲು, ಹಬ್ಬದ ಉಂಡಿಗೆ ತಂದಿಟ್ಟ ಒಣಕೊಬ್ಬರಿಯನ್ನೇ ತುರಿದು ಹಾಕಿದ್ದೆ. ಅದರ ಪರಿಮಳವನ್ನು ಬಿಡಲು ಮನಸ್ಸಿಲ್ಲ. ಎರಡನೆಯ ಸಲ ಬೆಣ್ಣೆ ಹೆಚ್ಚಿಸಿದಾಗ ಟ್ರೇ ತುಂಬ ಜಿಡ್ಡು ಬಿಟ್ಟಿತೇ ಹೊರತು ಹಿಟ್ಟು ಕೂಡಿಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಹೀಗಿರುವಾಗ ಒಣಕೊಬ್ಬರಿ ತುರಿಯನ್ನು ಮೊದಲೇ ಹಾಲಿನಲ್ಲಿ ನೆನೆಸಬೇಕೋ, ಅಥವಾ ಮಿಕ್ಸಿಯಲ್ಲಿ ಸಣ್ಣಗೆ ಮಾಡಿ ಬೆಣ್ಣೆಯನ್ನು ಕಡಿಮೆ ಮಾಡಬೇಕೋ? ನೆನೆಸುವುದಾದರೆ 1 ಕಪ್ ತುರಿಗೆ ಎಷ್ಟು ಹಾಲು ಬೇಕು? ಮಾಡಿ ನೋಡಿದವರು ದಯವಿಟ್ಟು ಅಳತೆಯೊಂದಿಗೆ ತಿಳಿಸಿ.